ಲಾವಂಚದ ನೀರು, ಶತಾವರಿ ಪುಡಿ, ಹಾರ್ಮೋನ್ ಜೆಲ್: ಎಲ್ಲವನ್ನೂ ಮೈಮೇಲೆ ನೋಡಿದವಳ ಲೆಕ್ಕ

ಡಿಸೆಂಬರ್ ತಿಂಗಳು. ಶಿರಸಿಯ ಚಳಿಗೆ ಮಕ್ಕಳೆಲ್ಲ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಎಂಟನೇ ಕ್ಲಾಸಿನಲ್ಲಿ ಬೀಜಗಣಿತ ಹೇಳಿಕೊಡುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎದೆಯಿಂದ ಕುತ್ತಿಗೆಗೆ, ಅಲ್ಲಿಂದ ಕೆನ್ನೆಗೆ ಬಿಸಿ ಏರಿತು. ಬಚ್ಚಲ ಒಲೆಯ ಮುಂದೆ ಕೂತ ಹಾಗೆ. ಎರಡೇ ನಿಮಿಷಕ್ಕೆ ರವಿಕೆ ಒದ್ದೆ, ಆಮೇಲೆ ನಡುಕ. ಮುಂದಿನ ಬೆಂಚಿನ ಹುಡುಗಿ "ಟೀಚರ್, ಜ್ವರ ಬಂತಾ?" ಎಂದಳು. ನನಗಾಗ 48. ಮುಟ್ಟು ನಿಂತು ಏಳು ತಿಂಗಳಾಗಿತ್ತು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇಳಿದು ಹೀಗೆ ಬಿಸಿ ಏರುತ್ತದೆ, ಇಂಗ್ಲಿಷಿನಲ್ಲಿ ಹಾಟ್ ಫ್ಲಶ್.

ಲೆಕ್ಕದ ಟೀಚರ್ ಅಲ್ವಾ, ಮೊದಲು ಮಾಡಿದ್ದೂ ಲೆಕ್ಕವೇ. ಡೈರಿಯ ಕೊನೆ ಪುಟದಲ್ಲಿ ಬಿಸಿ ಏರಿದಾಗಲೆಲ್ಲ ಒಂದು ಗೀಟು. ಎರಡು ವಾರದ ಸರಾಸರಿ ತೆಗೆದರೆ ದಿನಕ್ಕೆ 11. ಅದರಲ್ಲಿ ಮೂರು ರಾತ್ರಿಯವು. ಹಗಲಿನದ್ದು ಹೇಗೋ ಕಳೆಯುತ್ತಿತ್ತು. ರಾತ್ರಿಯದ್ದೇ ಕಷ್ಟ. ಎರಡು ಗಂಟೆಗೆ ಒಮ್ಮೆ ಎದ್ದು ಕೂತವಳು ಬೆಳಿಗ್ಗೆ ಯಾರ ಮೇಲೆ ಹರಿಹಾಯುತ್ತಾಳೋ ಹೇಳಲಾಗದು. ಮನೆಯವರಿಗೆ ಕೇಳಿದರೆ ಪಟ್ಟಿ ಕೊಡುತ್ತಾರೆ.

ಮುಂದಿನ ಎರಡೂವರೆ ವರ್ಷ ಏನೇ ತೆಗೆದುಕೊಂಡರೂ ಈ 11ರ ಪಕ್ಕ ಇಟ್ಟು ನೋಡಿದೆ. ಒಬ್ಬಳ ಮೈಯ ಕಥೆ ಇದು. ನಿಮ್ಮ ಮೈ ಬೇರೆ ಉತ್ತರ ಕೊಡಬಹುದು.

ಮೊದಲು ಹೋದದ್ದು ಡಾಕ್ಟರ ಹತ್ತಿರವೇ, ಅದನ್ನೂ ಹೇಳಬೇಕು. ಹತ್ತಿರದ ಕ್ಲಿನಿಕ್ಕಿನಲ್ಲಿ ಮೂರು ನಿಮಿಷ ಮಾತಾಡಿದರು. "ವಯಸ್ಸಾಯ್ತಲ್ಲಮ್ಮ, ಎಲ್ಲರಿಗೂ ಆಗೋದೇ" ಎಂದು ಕ್ಯಾಲ್ಸಿಯಂ, ಬಿ ಕಾಂಪ್ಲೆಕ್ಸ್ ಬರೆದುಕೊಟ್ಟರು. ನಮ್ಮ ಕಡೆ ಎಷ್ಟೋ ಹೆಂಗಸರು ನಾಟಿ ಔಷಧಿ, ಯೂಟ್ಯೂಬ್ ಔಷಧಿ ಎಂದು ತಿರುಗುವುದು ಇಂಗ್ಲಿಷ್ ಮದ್ದಿನ ಮೇಲಿನ ಸಿಟ್ಟಿನಿಂದಲ್ಲ. ಕೇಳುವವರು ಸಿಗುವುದು ಅಲ್ಲಿ ಮಾತ್ರ, ಅದಕ್ಕೆ.

ಅಡುಗೆಮನೆ ಮದ್ದು

ನಮ್ಮ ಮನೆಯಲ್ಲಿ ಕೇಳುವವರು ಅತ್ತೆ. ಅವರ ತೀರ್ಪು ಒಂದೇ ಮಾತಿನದು: "ಉಷ್ಣ." ಉಷ್ಣಕ್ಕೆ ತಂಪು ಮಾಡಬೇಕು. ಲಾವಂಚದ ಬೇರು ಹಾಕಿಟ್ಟ ಮಡಕೆ ನೀರು, ಬೆಳಿಗ್ಗೆ ಬೂದುಗುಂಬಳದ ರಸ, ಸಂಜೆ ಕೊತ್ತಂಬರಿ-ಜೀರಿಗೆ ಕಷಾಯ, ಊಟಕ್ಕೆ ಒಂದೆಲಗದ ತಂಬುಳಿ. ಹುಬ್ಬಳ್ಳಿಯ ಗೆಳತಿಯೊಬ್ಬಳು ಅಗಸಿ ಚಟ್ನಿಪುಡಿ ಕಳಿಸಿದಳು. ಅಗಸೆಯಲ್ಲಿ ಈಸ್ಟ್ರೋಜನ್ನನ್ನು ಹೋಲುವ ಅಂಶ ಇದೆ ಎಂದು ಅವಳು ಎಲ್ಲೋ ಓದಿದ್ದಳು.

ಮೂರು ತಿಂಗಳು ತಪ್ಪದೆ ಮಾಡಿದೆ. 11 ಇದ್ದದ್ದು 8ಕ್ಕೆ ಬಂತು. ಅತ್ತೆಗೆ ಖುಷಿಯೋ ಖುಷಿ. ಆದರೆ ನನ್ನ ಲೆಕ್ಕದಲ್ಲೇ ಒಂದು ತೂತು ಇತ್ತು. ಕಷಾಯ ಶುರುಮಾಡಿದಾಗ ಸಂಜೆಯ ಎರಡು ಲೋಟ ಚಹಾ ಬಿಟ್ಟಿದ್ದೆ. ಬಿಸಿ ಚಹಾ, ಖಾರ, ಸೆಕೆಯ ಕೋಣೆ, ಇವೆಲ್ಲ ಬಿಸಿ ಏರುವುದನ್ನು ಕೆಣಕುತ್ತವೆ. ಹಾಗಾದರೆ ಇಳಿದದ್ದು ಕಷಾಯದಿಂದಲೋ, ಚಹಾ ಬಿಟ್ಟದ್ದರಿಂದಲೋ? ಒಂದು ವಾರ ಕಷಾಯ ಬಿಟ್ಟೆ, ಚಹಾವನ್ನೂ ಮುಟ್ಟಲಿಲ್ಲ. 8 ಹಾಗೇ ಉಳಿಯಿತು. ಅತ್ತೆಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಅಗಸೆಯ ಬಗ್ಗೆ ಆಮೇಲೆ ಹುಡುಕಿ ನೋಡಿದೆ. 2012ರಲ್ಲಿ ಅಮೆರಿಕದಲ್ಲಿ 188 ಹೆಂಗಸರ ಮೇಲೆ ಪರೀಕ್ಷೆ ಮಾಡಿದ್ದರು. ಅರ್ಧ ಜನಕ್ಕೆ ಅಗಸೆ ಹಾಕಿದ ತಿಂಡಿ, ಇನ್ನರ್ಧಕ್ಕೆ ಅಗಸೆ ಇಲ್ಲದ ಅದೇ ತರದ ತಿಂಡಿ. ಎರಡೂ ಗುಂಪಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಚೂರು ಜಾಸ್ತಿ ಜನಕ್ಕೆ ಬಿಸಿ ಏರುವುದು ಅರ್ಧಕ್ಕೆ ಇಳಿದಿತ್ತು. ಅಂದರೆ ಅಗಸೆಯ ಪಾಲು ಏನೂ ಇಲ್ಲ. ಈ ತೊಂದರೆಯ ಗುಣವೇ ಹಾಗೆ, ಸುಮ್ನೆ ಸಪ್ಪೆ ಗುಳಿಗೆ, ಅಂದರೆ ಔಷಧಿಯೇ ಇಲ್ಲದ ಗುಳಿಗೆ ಕೊಟ್ಟರೂ ಕಡಿಮೆಯಾಗುತ್ತದೆ. ಹಾರ್ಮೋನ್ ಔಷಧಿಯ ಮೇಲಿನ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿದ 2004ರ ಒಂದು ದೊಡ್ಡ ಪರಿಶೀಲನೆಯಲ್ಲಿ, ಸಪ್ಪೆ ಗುಳಿಗೆಯವರಲ್ಲೂ ಸುಮಾರು 58 ಶೇಕಡ ಇಳಿದಿತ್ತು. ಹಾಗಾಗಿ "ನನಗೆ ಗುಣ ಆಯ್ತು" ಎಂದು ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ಯಾವುದರಿಂದ ಆಯಿತು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಅಗಸಿ ಚಟ್ನಿಪುಡಿ ಬಿಟ್ಟಿಲ್ಲ ಬಿಡಿ. ರೊಟ್ಟಿಗೆ ಮೊಸರಿನ ಜೊತೆ ಅದಿಲ್ಲದೆ ಆಗದು.

ಹಲವು ಮಕ್ಕಳ ತಾಯಿ ಬೇರು

ಶತಾವರಿಗೆ ಕನ್ನಡದಲ್ಲಿ ಎಂಥ ಹೆಸರು ನೋಡಿ, ಹಲವು ಮಕ್ಕಳ ತಾಯಿ ಬೇರು. ಒಂದೇ ಬುಡಕ್ಕೆ ಹತ್ತಾರು ಗೆಡ್ಡೆ ಜೋತುಬಿದ್ದಿರುತ್ತವೆ, ಅದಕ್ಕೆ ಆ ಹೆಸರು. ನಮ್ಮ ಸುತ್ತಮುತ್ತಲ ಕಾಡಲ್ಲೂ ಇದೆ. ಬಾಣಂತಿಗೆ ಹಾಲು ಹೆಚ್ಚಲು ಕೊಡುವುದನ್ನು ನಾವೆಲ್ಲ ಕಂಡವರೇ.

ನಾನು ಹೋದದ್ದು ಓದಿಕೊಂಡ ಒಬ್ಬ ಆಯುರ್ವೇದ ವೈದ್ಯರ ಹತ್ತಿರ. ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿಸಿದರು. ಅದರಿಂದಲೇ ಕಾಲು ಭಾಗ ಗುಣ ಆಯಿತೇನೋ. ಅಂಗಡಿಯವನು ಹೇಳಿದನೆಂದು ಅಶೋಕಾರಿಷ್ಟದ ಬಾಟಲಿ ತಂದಿದ್ದೆ. ಅದನ್ನು ನೋಡಿ ನಕ್ಕರು. "ಇದು ಮುಟ್ಟಿನಲ್ಲಿ ಜಾಸ್ತಿ ಹೋಗುವವರಿಗೆ. ನಿಮಗೆ ಮುಟ್ಟೇ ಇಲ್ಲವಲ್ಲ?" ಅಶೋಕದ ತೊಗಟೆಗೆ ರಸ್ತೆ ಬದಿಯ ಉದ್ದನೆ ಮರದ, ಅಂದರೆ ಸುಳ್ಳು ಅಶೋಕದ ತೊಗಟೆ ಬೆರೆಸುವುದೂ ನಡೆಯುತ್ತದೆ ಎಂದು ಅವರಿಂದಲೇ ಗೊತ್ತಾಯಿತು. ಶತಾವರಿ ಪುಡಿ ಕೊಟ್ಟರು, ಹಾಲಿನಲ್ಲಿ ಎರಡು ಹೊತ್ತು.

ಏಪ್ರಿಲ್‌ನಲ್ಲಿ ಶುರುಮಾಡಿದಾಗ ಸೆಕೆಗೆ ಗೀಟುಗಳು ಮತ್ತೆ 9ಕ್ಕೆ ಏರಿದ್ದವು. ಜೂನ್ ಹೊತ್ತಿಗೆ 7. ಆದರೆ ಜೂನ್ ಎಂದರೆ ಇಲ್ಲಿ ಮಳೆ ಹಿಡಿದಿರುತ್ತದೆ, ತಂಪು ಹವೆ. ಇಳಿಸಿದ್ದು ಶತಾವರಿಯೋ ಮಳೆಯೋ? ಆಗಸ್ಟಿನಲ್ಲಿ ಉತ್ತರ ಸಿಕ್ಕಿತು. ಜಡಿಮಳೆಯ ನಡುವೆಯೇ ಮತ್ತೆ 9. ಒಂದು ಮಾತ್ರ ನಿಜ, ನಿದ್ದೆ ಸ್ವಲ್ಪ ಸುಧಾರಿಸಿತ್ತು. ರಾತ್ರಿ ಬಿಸಿ ಹಾಲು ಕುಡಿದದ್ದಕ್ಕೂ ಇರಬಹುದು. ಕೊನೆಗೆ ಆ ವೈದ್ಯರೇ ಹೇಳಿದರು: "ಇಷ್ಟು ತಿಂಗಳಲ್ಲಿ ಆಗಲಿಲ್ಲ ಎಂದರೆ ಎಳೆಯೋದು ಬೇಡ. ಹುಬ್ಬಳ್ಳಿಯಲ್ಲಿ ಒಳ್ಳೆ ಲೇಡಿ ಡಾಕ್ಟರಿಗೆ ತೋರಿಸಿ." ಅವರ ಮೇಲಿನ ಗೌರವ ಆವತ್ತು ಇಮ್ಮಡಿಯಾಯಿತು.

ಅದರ ನಡುವೆ ಒಂದು ಪೆದ್ದುತನ ಮಾಡಿದೆ. ಮೊಬೈಲಿನಲ್ಲಿ ಜಾಹೀರಾತು ಬಂತು: ನೂರಕ್ಕೆ ನೂರು ನೈಸರ್ಗಿಕ, ಹಾರ್ಮೋನ್ ಸಮತೋಲನ, ಅಡ್ಡಪರಿಣಾಮ ಶೂನ್ಯ. ಎರಡು ಡಬ್ಬಿಗೆ 2,400 ರೂಪಾಯಿ. ಹದಿನಾಲ್ಕು ಗಿಡಮೂಲಿಕೆಗಳ ಹೆಸರಿತ್ತು, ಯಾವುದು ಎಷ್ಟು ಎಂದು ಇರಲಿಲ್ಲ. ಹತ್ತು ದಿನದಲ್ಲಿ ಹೊಟ್ಟೆ ಕೆಟ್ಟು ನಿಲ್ಲಿಸಿದೆ. ಆ ಪಟ್ಟಿಯಲ್ಲಿ ಬ್ಲ್ಯಾಕ್ ಕೊಹೊಶ್ ಎಂಬ ಅಮೆರಿಕದ ಬೇರೂ ಇತ್ತು. ಅದನ್ನು ತೆಗೆದುಕೊಂಡ ಕೆಲವರಿಗೆ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ ಎಂದು ಆಮೇಲೆ ತಿಳಿಯಿತು. ನಾನು ನೋಡಿದ್ದರಲ್ಲೆಲ್ಲ ಕೆಟ್ಟದ್ದು ಯಾವುದು ಎಂದು ಕೇಳಿದರೆ ಇದೇ. ಅಡುಗೆಮನೆಯ ನಂಬಿಕೆಯೂ ಇಲ್ಲ, ವೈದ್ಯರ ಹೊಣೆಯೂ ಇಲ್ಲ.

ಜೆಲ್

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರು. ಬಸ್ಸಿನಲ್ಲಿ ಮೂರು ಸಲ ಬಿಸಿ ಏರಿತು. ಜೊತೆಗೆ ಹೆದರಿಕೆಯೂ ಇತ್ತು. ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂದು ಮನೆಯಲ್ಲಿ ಎಲ್ಲರೂ ಹೇಳಿ ಕಳಿಸಿದ್ದರು.

ಡಾಕ್ಟರು ಆ ಹೆದರಿಕೆ ಎಲ್ಲಿಂದ ಬಂತು ಎಂದು ಚೀಟಿಯ ಹಿಂದೆ ಬರೆದು ತೋರಿಸಿದರು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಒಂದು ದೊಡ್ಡ ಪರೀಕ್ಷೆಯನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹಾರ್ಮೋನ್ ತೆಗೆದುಕೊಳ್ಳದವರಲ್ಲಿ ವರ್ಷಕ್ಕೆ 10,000ಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ತೆಗೆದುಕೊಂಡವರಲ್ಲಿ 38. ಪತ್ರಿಕೆಗಳಲ್ಲಿ ಬಂದದ್ದು "26 ಶೇಕಡ ಜಾಸ್ತಿ" ಎಂದು. ಎರಡೂ ಒಂದೇ ಲೆಕ್ಕ, ಕೇಳುವಾಗ ಮಾತ್ರ ಬೇರೆ. ಶೇಕಡಾವಾರು ಪಾಠ ಮಾಡುವ ನನಗೇ ಇದು ಹೊಳೆದಿರಲಿಲ್ಲ. ಇನ್ನೊಂದು, ಆ ಹೆಂಗಸರ ಸರಾಸರಿ ವಯಸ್ಸು 63. ಅವರು ನುಂಗಿದ ಗುಳಿಗೆಯಲ್ಲಿ ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಇತ್ತು. ಹೌದು, ಕುದುರೆ ಮೂತ್ರ. ನೈಸರ್ಗಿಕವೇ ತಾನೆ!

ನನಗೆ ಬರೆದದ್ದು ಕೈಗೆ ಸವರುವ ಈಸ್ಟ್ರಾಡಯಾಲ್ (ಈಸ್ಟ್ರೋಜನ್ನಿನದೇ ಒಂದು ರೂಪ) ಜೆಲ್, ರಾತ್ರಿಗೆ 100 ಮಿಲಿಗ್ರಾಂ ಪ್ರೊಜೆಸ್ಟರಾನ್ ಗುಳಿಗೆ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಅದರ ಒಳಪದರ ಬೆಳೆದು ಕ್ಯಾನ್ಸರ್‌ಗೆ ದಾರಿಯಾಗಬಹುದು, ಪ್ರೊಜೆಸ್ಟರಾನ್ ಇರುವುದು ಆ ಕಾವಲಿಗೆ. ಜೆಲ್ಲೇ ಏಕೆ ಎಂದರೆ, ನುಂಗಿದ ಗುಳಿಗೆ ಮೊದಲು ಲಿವರ್‌ಗೆ ಹೋಗಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚಿಸುತ್ತದೆ. ಚರ್ಮದಿಂದ ಹೋದದ್ದರಲ್ಲಿ ಆ ಅಪಾಯ ಹಾಗೆ ಕಂಡಿಲ್ಲ. ಬರೆಯುವ ಮುಂಚೆ ಮ್ಯಾಮೊಗ್ರಾಂ, ಸ್ಕ್ಯಾನಿಂಗ್, ಬಿಪಿ, ರಕ್ತಪರೀಕ್ಷೆ ಎಲ್ಲ ಆಯಿತು. ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಂಬ ವಿಚಾರಣೆಯೂ ಆಯಿತು. ಅದಕ್ಕೆಲ್ಲ ಖರ್ಚು ಬಿತ್ತು, ಎರಡು ದಿನ ರಜೆಯೂ ಹೋಯಿತು.

ಮೂರನೇ ವಾರಕ್ಕೆ 5. ಆರನೇ ವಾರ ಡೈರಿಯಲ್ಲಿ ಒಂದು ದಿನ ಗೀಟೇ ಇಲ್ಲ. ಮರೆತೆನೇನೋ ಎಂದು ಯೋಚಿಸಿದೆ. ಮರೆತಿರಲಿಲ್ಲ. ರಾತ್ರಿ ಮಲಗಿದವಳು ಬೆಳಿಗ್ಗೆ ಐದೂವರೆಗೆ ಎದ್ದಿದ್ದೆ.

ಸುಖ ಪುಕ್ಕಟೆ ಬರಲಿಲ್ಲ. ಮೊದಲ ಎರಡು ತಿಂಗಳು ಎದೆ ನೋವು, ಅಂದರೆ ಮುಟ್ಟಿಗೆ ಮುಂಚೆ ಬರುತ್ತಿತ್ತಲ್ಲ, ಆ ತರದ ಬಿಗಿತ. ನಡುನಡುವೆ ರಕ್ತದ ಕಲೆ ಕಂಡಿತು. ಒಮ್ಮೆ ಗಾಬರಿಯಾಗಿ ಫೋನ್ ಮಾಡಿದೆ. ಮೊದಲ ತಿಂಗಳುಗಳಲ್ಲಿ ಆಗುತ್ತದೆ, ಆರು ತಿಂಗಳ ಮೇಲೂ ಇದ್ದರೆ ನೋಡಲೇಬೇಕು ಎಂದರು. ಮೂರನೇ ತಿಂಗಳಿಗೆ ನಿಂತಿತು. ಪ್ರೊಜೆಸ್ಟರಾನ್ ನುಂಗಿ ಅರ್ಧ ಗಂಟೆಗೆ ತೂಕಡಿಕೆ, ಹಾಗಾಗಿ ಹಾಸಿಗೆಗೆ ಹೋಗುವಾಗಲೇ ನುಂಗಬೇಕು. ಜೆಲ್‌ನಲ್ಲಿ ಸ್ಪಿರಿಟ್ ಇರುತ್ತದೆ, ಒಣಗುವ ತನಕ ಒಲೆ ಹತ್ತಿರ ಹೋಗುವ ಹಾಗಿಲ್ಲ. ಚಿಕ್ಕ ಮಕ್ಕಳ ಮೈಗೆ ತಾಗಬಾರದು. ತಿಂಗಳಿಗೆ ಎರಡೂ ಸೇರಿ ಸಾವಿರದ ಮೇಲೆ. ಶತಾವರಿಗೆ ಅದರ ಕಾಲು ಭಾಗವೂ ಆಗುತ್ತಿರಲಿಲ್ಲ, ಲಾವಂಚ ಹಿತ್ತಲಲ್ಲೇ ಇದೆ.

ಹದಿನಾಲ್ಕು ತಿಂಗಳಾದ ಮೇಲೆ ಡಾಕ್ಟರಿಗೆ ಹೇಳಿಯೇ ಒಮ್ಮೆ ನಿಲ್ಲಿಸಿ ನೋಡಿದೆ. ಮೂರೇ ವಾರದಲ್ಲಿ ಗೀಟು 6. ಈಗ ಮೊದಲಿನ ಅರ್ಧ ಅಳತೆ ಸವರುತ್ತೇನೆ, ಗೀಟು ದಿನಕ್ಕೆ ಒಂದೋ ಎರಡೋ. ಅಷ್ಟು ಸಾಕು.

ಬಿಸಿ ಏರುವುದಕ್ಕೆ, ನಿದ್ದೆಗೆ ಜೆಲ್ಲಿನ ಹತ್ತಿರಕ್ಕೆ ಉಳಿದ ಯಾವುದೂ ಬರಲಿಲ್ಲ. ಮೂಳೆಗೂ ಇದರಿಂದ ಬಲ ಇದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ತಿನ್ನಲೇಬೇಕು, ಆದರೆ ಈಸ್ಟ್ರೋಜನ್ ಹೋದ ಮೇಲೆ ಮೂಳೆ ಸವೆಯುವುದನ್ನು ಅಂಬಲಿ ಒಂದೇ ತಡೆಯುವುದಿಲ್ಲ. ಮೈ ತೂಕ, ಹೊಟ್ಟೆಯ ಬೊಜ್ಜು ಯಾವುದರಲ್ಲೂ ಇಳಿಯಲಿಲ್ಲ, ಅದಕ್ಕೆ ನಡೆಯುವುದೇ ಗತಿ. ಸಿಟ್ಟು? ಅದರಲ್ಲಿ ಅರ್ಧ ನಿದ್ದೆಗೆಟ್ಟದ್ದರಿಂದ ಇತ್ತು, ಹೋಯಿತು. ಇನ್ನರ್ಧ ನನ್ನದೇ.

ಎಲ್ಲರಿಗೂ ಜೆಲ್ ಎನ್ನುತ್ತಿಲ್ಲ. ನನ್ನ ನಾದಿನಿಗೆ ಸ್ತನ ಕ್ಯಾನ್ಸರ್ ಆಗಿ ಗುಣವಾಗಿದೆ, ಅದು ಮರುಕಳಿಸದ ಹಾಗೆ ಟ್ಯಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಅವಳಿಗೆ ಈ ಹಾರ್ಮೋನ್ ಕೊಡುವಂತಿಲ್ಲ. ಸೋಯಾ, ಶತಾವರಿ ಮಾತ್ರೆಗಳನ್ನೂ ಅವಳ ಡಾಕ್ಟರು ಬೇಡ ಎಂದಿದ್ದಾರೆ. ಬೇರೆ ಮಾತ್ರೆಗಳಿವೆ, ಖಿನ್ನತೆಗೆ ಕೊಡುವವೇ, ಕಡಿಮೆ ಅಳತೆಯಲ್ಲಿ. ಅದರಲ್ಲೂ ಪ್ಯಾರಾಕ್ಸೆಟಿನ್ ಟ್ಯಾಮಾಕ್ಸಿಫೆನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆಂದು ವೆನ್ಲಾಫ್ಯಾಕ್ಸಿನ್ ಕೊಟ್ಟಿದ್ದಾರೆ. ಅವಳ ಗೀಟು ಅರ್ಧಕ್ಕೆ ಇಳಿದಿದೆ. ಉಳಿದದ್ದಕ್ಕೆ ನಮ್ಮ ಮನೆಯಿಂದ ಹೋದ ಲಾವಂಚದ ಬೀಸಣಿಗೆ.

ಇನ್ನು ಅತ್ತೆ. ಜೆಲ್ ತಂದ ದಿನ "ಎಂತ ಹಾರ್ಮೋನು ಮಾರಾಯ್ತಿ, ಮೈಗೆ ಕೆಮಿಕಲ್ಲು" ಎಂದು ಮುಖ ಸಿಂಡರಿಸಿದ್ದರು. ಈ ಹಾರ್ಮೋನನ್ನು ಸೋಯಾ, ಕಾಡುಗೆಣಸಿನಂಥ ಗಿಡಗಳ ಸತ್ವದಿಂದಲೇ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ ಎಂದೆ. 1940ರ ದಶಕದಲ್ಲಿ ಮೆಕ್ಸಿಕೋದ ಕಾಡುಗೆಣಸಿನಿಂದ ಪ್ರೊಜೆಸ್ಟರಾನ್ ಮಾಡಿದ ರಸೆಲ್ ಮಾರ್ಕರ್‌ನ ಕಥೆಯನ್ನೂ ಹೇಳಿದೆ. "ಹಾಂಗಾರೆ ಗೆಣಸನ್ನೇ ಬೇಯಿಸಿ ತಿನ್ನು!" ಎಂದರು. ಗೆಣಸಿನ ಸತ್ವವನ್ನು ಹಾರ್ಮೋನ್ ಮಾಡುವ ಶಕ್ತಿ ನಮ್ಮ ಮೈಗಿಲ್ಲ, ಅದು ಕಾರ್ಖಾನೆಗೇ ಆಗಬೇಕು ಎಂದರೆ ನಂಬಲಿಲ್ಲ.

ಹೋದ ವರ್ಷ ಅವರಿಗೆ ಮೂರು ಸಲ ಉರಿಮೂತ್ರದ ಸೋಂಕು. 78ರ ವಯಸ್ಸು, ಪ್ರತಿ ಸಲ ಆಂಟಿಬಯಾಟಿಕ್, ಬಾರ್ಲಿ ನೀರು. ಹುಬ್ಬಳ್ಳಿಯ ಡಾಕ್ಟರು ಒಂದು ಕ್ರೀಮ್ ಬರೆದರು, ವಾರಕ್ಕೆ ಎರಡು ಸಲ ಒಳಗೆ ಹಚ್ಚುವುದು. ಈಸ್ಟ್ರೋಜನ್ನೇ, ಆದರೆ ಅಲ್ಲಿಗಷ್ಟೇ, ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಆಮೇಲೆ ಸೋಂಕು ಮರುಕಳಿಸಿಲ್ಲ. ಮೊನ್ನೆ ಪೇಟೆಗೆ ಹೊರಟಿದ್ದೆ. ಬಾಗಿಲ ತನಕ ಬಂದು, ಮಾವನಿಗೆ ಕೇಳದ ಹಾಗೆ ತಗ್ಗಿದ ದನಿಯಲ್ಲಿ, "ನನ್ನ ಆ ಗೆಣಸಿನ ಮುಲಾಮು ಮುಗೀತಾ ಬಂತು, ಮರೀಬೇಡ" ಎಂದರು.