ಅಂಚೆ ಮತ: ಪೆಟ್ಟಿಗೆ ಭದ್ರ, ಎಡವುವುದು ಘೋಷಣಾಪತ್ರದಲ್ಲಿ

ಅಂಚೆ ಮತವನ್ನು ನಂಬಬಹುದೇ ಎಂದು ಕೇಳುವ ಮೊದಲು ಯಾವ ಅಂಚೆ ಮತ ಎಂದು ತಿಳಿದುಕೊಳ್ಳಬೇಕು. ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆಯ ಸೇವೆ ಈ ಒಂದೇ ಹೆಸರಿನಲ್ಲಿ ನಡೆಯುತ್ತಿವೆ. ಅವುಗಳಲ್ಲಿ ಎರಡಕ್ಕೆ ಅಂಚೆಪೇದೆಯ ಕೆಲಸವೇ ಇಲ್ಲ.

ಮೂರರಲ್ಲಿ ಅತ್ಯುತ್ತಮ ಎನ್ನಬಹುದಾದದ್ದು ಮನೆಯಿಂದ ಮತದಾನ. 85 ವರ್ಷ ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಇದನ್ನು ಪಡೆಯಬಹುದು. 2024ರವರೆಗೆ ವಯಸ್ಸಿನ ಮಿತಿ 80 ಇತ್ತು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೇ ತಂದುಕೊಡುವ ಅರ್ಜಿ ನಮೂನೆ 12ಡಿಯನ್ನು ಚುನಾವಣಾ ಅಧಿಸೂಚನೆ ಹೊರಬಿದ್ದ 5 ದಿನದೊಳಗೆ ತುಂಬಿ ಕೊಡಬೇಕು. ಅಂಗವಿಕಲರಾದರೆ ಪ್ರಮಾಣಪತ್ರದ ಪ್ರತಿಯನ್ನೂ ಸೇರಿಸಬೇಕು. ದೆಹಲಿಯಲ್ಲಿ ಚುನಾವಣಾ ಆಯೋಗ ವೇಳಾಪಟ್ಟಿ ಘೋಷಿಸುವ ದಿನ ಬೇರೆ, ಅಧಿಸೂಚನೆಯ ದಿನ ಬೇರೆ. ಇವೆರಡನ್ನು ಗೊಂದಲ ಮಾಡಿಕೊಂಡು ಗಡುವು ತಪ್ಪಿಸಿಕೊಳ್ಳಬೇಡಿ.

ಮತಗಟ್ಟೆ ಸಿಬ್ಬಂದಿ, ಪೊಲೀಸ್ ಮತ್ತು ವಿಡಿಯೊ ಚಿತ್ರೀಕರಣದವರು ಮೊದಲೇ ತಿಳಿಸಿದ ದಿನ ಮನೆಗೆ ಬರುತ್ತಾರೆ. ಅಭ್ಯರ್ಥಿಗಳಿಗೂ ಆ ವೇಳಾಪಟ್ಟಿ ಹೋಗಿರುತ್ತದೆ, ಅವರ ಕಡೆಯವರು ನೋಡಲು ಬರಬಹುದು. ಮತದಾರರು ಮನೆಯಲ್ಲಿಲ್ಲದಿದ್ದರೆ ತಂಡ ಇನ್ನೊಮ್ಮೆ ಬರುತ್ತದೆ, ಮೂರನೆಯ ಸಲ ಬರುವುದಿಲ್ಲ. ಪಟ್ಟಿಯಲ್ಲಿ ಹೆಸರಿನ ಮುಂದೆ ‘ಪಿಬಿ’ (ಅಂಚೆ ಮತಪತ್ರ) ಗುರುತು ಬಿದ್ದ ಮೇಲೆ ಮತಗಟ್ಟೆಗೆ ಹೋದರೂ ಮತ ಹಾಕಲು ಬಿಡುವುದಿಲ್ಲ. ಆಸ್ಪತ್ರೆಗೋ ಮಗಳ ಮನೆಗೋ ಹೋಗುವ ಸಾಧ್ಯತೆ ಇರುವವರು ಇದನ್ನು ಯೋಚಿಸಿಯೇ 12ಡಿ ಕೊಡಬೇಕು. ಈ ಸೇವೆಯ ದುರ್ಬಲ ಜಾಗ ಗೋಪ್ಯತೆ. ಸಣ್ಣ ಮನೆಯಲ್ಲಿ ಮಗ, ಸೊಸೆ, ನೆರೆಯವರು ಎಲ್ಲರೂ ಸುತ್ತ ನಿಂತಿರುತ್ತಾರೆ. ಅವರನ್ನು ಹೊರಗೆ ಕಳಿಸುವಂತೆ ತಂಡಕ್ಕೆ ಹೇಳುವ ಹಕ್ಕು ಅಜ್ಜಿಗಿದೆ. ಕಣ್ಣು ಕಾಣದವರು, ಕೈ ಆಡದವರು ಮಾತ್ರ ತಮಗೆ ಬೇಕಾದ ಒಬ್ಬರ ನೆರವು ಪಡೆಯಬಹುದು.

ಚುನಾವಣಾ ಕರ್ತವ್ಯದ ನೌಕರರಿಗೆ ಅಂಚೆ ಮತ ಹಾಕಲು ಫೆಸಿಲಿಟೇಶನ್ ಸೆಂಟರ್ (ಸೌಲಭ್ಯ ಕೇಂದ್ರ) ಇದೆ. ಮೊದಲು ಮತಪತ್ರವನ್ನು ಮನೆಗೆ ಒಯ್ಯಬಹುದಿತ್ತು. 2023ರ ತಿದ್ದುಪಡಿಯ ನಂತರ ಅಲ್ಲಿಯೇ ಮತ ಹಾಕಿ ಪೆಟ್ಟಿಗೆಗೆ ಸೇರಿಸಬೇಕು. ಆಮಿಷ, ಒತ್ತಡಗಳಿಗೆ ಇದು ಒಳ್ಳೆಯ ಕಡಿವಾಣ. ನಿಮ್ಮದೇ ಕ್ಷೇತ್ರದಲ್ಲಿ ಕರ್ತವ್ಯ ಬಿದ್ದಿದ್ದರೆ ಇದೂ ಬೇಡ: ನಮೂನೆ 12ಎ ಕೊಟ್ಟು ಇಡಿಸಿ (ಚುನಾವಣಾ ಕರ್ತವ್ಯ ಪ್ರಮಾಣಪತ್ರ) ಪಡೆಯಿರಿ, ಕೆಲಸ ಮಾಡುವ ಮತಗಟ್ಟೆಯ ಇವಿಎಂನಲ್ಲೇ ಮತ ಹಾಕಿ. ತಿರಸ್ಕಾರದ ಭಯವೇ ಇರುವುದಿಲ್ಲ.

ನಿಜವಾಗಿ ಅಂಚೆಯನ್ನು ನೆಚ್ಚಿರುವುದು ಸೈನಿಕರ ಇಟಿಪಿಬಿಎಸ್ (ವಿದ್ಯುನ್ಮಾನವಾಗಿ ರವಾನಿಸುವ ಅಂಚೆ ಮತಪತ್ರ ವ್ಯವಸ್ಥೆ). ಮತಪತ್ರ ಹೋಗುವುದು ಆನ್‌ಲೈನ್‌ನಲ್ಲಿ, ವಾಪಸ್ ಬರುವುದು ಕಾಗದದಲ್ಲಿ. ಉಮೇದುವಾರಿಕೆ ವಾಪಸಾತಿಯ ಕೊನೆಯ ದಿನ ಮುಗಿಯದೆ ಮತಪತ್ರವೇ ಸಿದ್ಧವಾಗದು. ಅಲ್ಲಿಂದ ಮತದಾನಕ್ಕೆ ಕಾನೂನು ಖಾತರಿ ಕೊಡುವುದು ಎರಡು ವಾರದಷ್ಟೇ. ಎಣಿಕೆ ಶುರುವಾಗುವ ಗಳಿಗೆಯೊಳಗೆ ಲಕೋಟೆ ಚುನಾವಣಾಧಿಕಾರಿಯ ಕೈ ಸೇರಬೇಕು, ತಡವಾಗಿ ಬಂದದ್ದನ್ನು ಎಣಿಸುವುದೇ ಇಲ್ಲ. ಗಡಿ ಠಾಣೆಯಲ್ಲಿರುವ ಕೊಡಗಿನ ಯೋಧನಿಗೆ ಇದು ನ್ಯಾಯವಾದ ವ್ಯವಸ್ಥೆ ಎನ್ನಲಾಗದು. ಡೌನ್‌ಲೋಡ್ ಆದ ದಿನವೇ ಮತ ಗುರುತಿಸಿ ಕಳಿಸುವುದೊಂದೇ ದಾರಿ.

ಸಮಯಕ್ಕೆ ತಲುಪಿದ ಮತವೂ ತಿರಸ್ಕೃತವಾಗುವುದುಂಟು. ಮತಪತ್ರ ಒಳಲಕೋಟೆ 13ಬಿಯಲ್ಲಿರಬೇಕು. ಆ ಲಕೋಟೆಯೂ ಮತದಾರರು ಸಹಿ ಮಾಡಿದ ಘೋಷಣೆ 13ಎಯೂ ಹೊರಲಕೋಟೆ 13ಸಿಯಲ್ಲಿರಬೇಕು. ಎಣಿಕೆಯಲ್ಲಿ ಮೊದಲು ನೋಡುವುದು 13ಎಯನ್ನು. ಅದು ಇಲ್ಲದಿದ್ದರೆ, ಸಹಿ ಇಲ್ಲದಿದ್ದರೆ, ಅಧಿಕಾರಿಯ ದೃಢೀಕರಣ ಇಲ್ಲದಿದ್ದರೆ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ ಒಳಲಕೋಟೆಯ ಮೇಲಿನದಕ್ಕೆ ತಾಳೆಯಾಗದಿದ್ದರೆ ಒಳಲಕೋಟೆಯನ್ನು ತೆರೆಯುವುದೇ ಇಲ್ಲ. ಅವಸರದಲ್ಲಿ ಘೋಷಣೆಯನ್ನೂ ಒಳಗೇ ಸೇರಿಸಿ ಅಂಟಿಸಿದರೂ ಇದೇ ಗತಿ. ಮತಪತ್ರದ ಮೇಲೆ ಸಹಿ ಹಾಕಿದರೆ ಗುರುತು ಬಯಲಾಗುತ್ತದೆ, ಮತ ಅಸಿಂಧು.

2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಂದು ರಾತ್ರಿಯವರೆಗೆ ಜಗ್ಗಾಟ ನಡೆದದ್ದು ತಿರಸ್ಕೃತ ಅಂಚೆ ಮತಗಳ ಮೇಲೆಯೇ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಿದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಿದ ಮೇಲೆಯೇ ಫಲಿತಾಂಶ ಘೋಷಿಸಬೇಕು ಎಂಬ ಆಯೋಗದ ನಿಯಮ ಮೆಚ್ಚುವಂಥದ್ದು.

ದುಬೈ, ಡಲ್ಲಾಸ್‌ನ ಅನಿವಾಸಿ ಕನ್ನಡಿಗರಿಗೆ ಈ ಯಾವ ಬಾಗಿಲೂ ತೆರೆದಿಲ್ಲ. ನಮೂನೆ 6ಎ ಮೂಲಕ ಪಟ್ಟಿಗೆ ಸೇರಬಹುದು, ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು.