ಚಾರ್ಟ್, ವಿಡಿಯೋ, ಹೆಸರುಕಾಳು, ಎಕ್ಕೆ ಹುಳ

ಗದಗ ಹತ್ತಿರದ ಹಳ್ಳಿ ಶಾಲೆಯಲ್ಲಿ ಎರಡು, ಮೂರನೇ ಕ್ಲಾಸಿನ ಮಕ್ಕಳಿಗೆ ಕಲಿಸುತ್ತೇನೆ. ಗಿಡ, ಪ್ರಾಣಿಗಳ ಪಾಠಕ್ಕೆ ಈ ವರ್ಷ ನಾಲ್ಕು ದಾರಿ ಹಿಡಿದು ನೋಡಿದೆ.

ಚಾರ್ಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬೇರು, ಕಾಂಡ, ಎಲೆ ಬಾಯಿಪಾಠ ಆಗುತ್ತವೆ, ಅಷ್ಟೇ. ಮೊಬೈಲ್ ವಿಡಿಯೋ ಹಾಕಿದರೆ ಗದ್ದಲ ನಿಲ್ಲುತ್ತದೆ, ನಿಜ. ಆದರೆ ಒಂದೇ ನಿಮಿಷದಲ್ಲಿ ಬೀಜ ಗಿಡವಾಗಿದ್ದನ್ನು ನೋಡಿದ ಮಕ್ಕಳು, ತಾವು ಕಾಳು ಹಾಕಿದ ಮರುದಿನವೇ "ಟೀಚರ್, ನಮ್ಮ ಬೀಜ ಕೆಟ್ಟಾವ್ರಿ" ಅಂದರು!

ಆ ಕಾಳಿನದೇ ಮೂರನೇ ದಾರಿ. ಗಾಜಿನ ಲೋಟದೊಳಗೆ ಒದ್ದೆ ಅರಿವೆ ತುಂಬಿ, ಗಾಜಿಗೂ ಅರಿವೆಗೂ ನಡುವೆ ಹೆಸರು, ಕಡಲೆ ಸಿಕ್ಕಿಸಿದೆವು. ಮೊದಲ ಸಲ ನೀರು ಜಾಸ್ತಿಯಾಗಿ ಕಡಲೆ ಕೊಳೆತು ನಾರಿತು. ತಪ್ಪು ನನ್ನದೇ. ಎರಡನೇ ಸಲ ಸರಿಹೋಯಿತು. ಹೆಸರು ತನ್ನ ಬೇಳೆ ಹೊತ್ತುಕೊಂಡೇ ಮೇಲೆದ್ದಿತು. ಕಡಲೆ ಬೇಳೆಯನ್ನು ಕೆಳಗೇ ಬಿಟ್ಟು ಚಿಗುರನ್ನಷ್ಟೇ ಕಳಿಸಿತು. ಎರಡೂ ದ್ವಿದಳವೇ ಅಲ್ವಾ? ಈ ವ್ಯತ್ಯಾಸ ಮೊದಲು ಕಂಡದ್ದು ಹಿಂದೆ ಕೂರುವ ಹುಡುಗಿಗೆ, ನನಗಲ್ಲ.

ಒಂದೇ ವಾರ ಇದ್ದರೆ ಹೆಸರುಕಾಳು ಸಾಕು. ಒಂದು ತಿಂಗಳಿದ್ದರೆ ಎಕ್ಕೆ ಹುಳವೇ. ರಸ್ತೆ ಬದಿಯ ಎಕ್ಕೆ ಗಿಡದಲ್ಲಿ ಕಪ್ಪು ಬಿಳಿ ಪಟ್ಟೆಯ, ಹಳದಿ ಚುಕ್ಕೆಯ ಎರಡು ಹುಳ ಸಿಕ್ಕವು. ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳು. ಬಕೆಟ್ಟಿಗೆ ಹಾಕಿ ಮೇಲೆ ಸೊಳ್ಳೆಪರದೆ ಕಟ್ಟಿದೆ. ಎಲೆ ಕೀಳುವ ಕೆಲಸ ಮಕ್ಕಳಿಗೆ ಕೊಡಲಿಲ್ಲ, ಎಕ್ಕೆ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ತಾಜಾ ಎಲೆ ದಿನಾ ಬೇಕು, ಭಾನುವಾರವೂ ಬೇಕು. ಬಕೆಟ್ ನನ್ನ ಸ್ಕೂಟಿ ಮೇಲೆ ಊರು ಸುತ್ತಿತು.

ಮಕ್ಕಳು ದಿನಾ ಎಣಿಸಿದ್ದು ಹಿಕ್ಕೆ! ಹುಳ ಬೆಳೆದಂತೆ ಹಿಕ್ಕೆಯೂ ದಪ್ಪ ಆಗುತ್ತದೆ. "ವಿಷದ ಎಲಿ ತಿಂದ್ರೂ ಇದು ಯಾಕ ಸಾಯವಲ್ತು?" ಅಂತ ಒಬ್ಬ ಕೇಳಿದ. ಆ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ, ಅದಕ್ಕೇ ಹಕ್ಕಿಗಳು ತಿನ್ನಲು ಹಿಂಜರಿಯುತ್ತವೆ ಅಂದೆ. ಚಾರ್ಟ್ ಮುಂದೆ ಇಂಥ ಪ್ರಶ್ನೆ ಒಂದೂ ಬಂದಿರಲಿಲ್ಲ.

ಚಿಟ್ಟೆಯಾಗುವ ಮೊದಲು ಎರಡೂ ಹುಳ ಕೋಶದೊಳಗೆ ಸೇರಿಕೊಂಡವು. ಒಂದು ಕೋಶ ಕಪ್ಪಗಾಗಿ ಒಣಗಿಹೋಯಿತು. ಇಬ್ಬರು ಅತ್ತರು. ಇನ್ನೊಂದರಲ್ಲಿ 10 ದಿನದ ಹೊತ್ತಿಗೆ ಸಿಪ್ಪೆಯೊಳಗಿಂದಲೇ ಕೇಸರಿ ರೆಕ್ಕೆ ಕಾಣತೊಡಗಿತು. ಚಿಟ್ಟೆ ಹೊರಬಂದದ್ದು ಬೆಳಗಿನ ಪ್ರಾರ್ಥನೆ ಹೊತ್ತಿಗೆ. ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ಈಗ ಸಿಕ್ಕ ಸಿಕ್ಕ ಹುಳ ಜೇಬಿನಲ್ಲಿ ಹಾಕಿಕೊಂಡು ಬರುತ್ತಾರೆ. ಕಂಬಳಿಹುಳ ಇದ್ದೀತು ಅಂತ ದಿನಾ ಜೇಬು ನೋಡಿಯೇ ಒಳಗೆ ಬಿಡುತ್ತೇನೆ.