ಕೊನೆಯ ಪ್ರವಾಸದ ಟಿಕೆಟ್ ಕೊಳ್ಳುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿ ಸಂಗೀತ ಕಛೇರಿಗಳಿಗೆ ಹೋಗುವ ಗೆಳೆಯರೆಲ್ಲ ದಯವಿಟ್ಟು ಓದಿ. ನಿಮ್ಮ ಇಷ್ಟದ ಕಲಾವಿದರು ‘ಇದೇ ನನ್ನ ಕೊನೆಯ ಪ್ರವಾಸ’ ಎಂದ ಕೂಡಲೇ ಟಿಕೆಟ್ ಮರುಮಾರಾಟ ಮಾಡುವವರು ಬಲೆ ಬೀಸಿ ಕಾಯುತ್ತಾರೆ. ನನಗೆ ಆದದ್ದು ನಿಮಗೆ ಆಗಬಾರದು.

2017ರ ನವೆಂಬರ್, ಡಿಸೆಂಬರ್‌ನಲ್ಲಿ ಗಿಟಾರ್ ವಾದಕರಾದ ಜಾನ್ ಮೆಕ್‌ಲಾಫ್ಲಿನ್ ಮತ್ತು ಜಿಮ್ಮಿ ಹೆರಿಂಗ್ ಜೊತೆಯಾಗಿ ಕಛೇರಿ ಕೊಡುತ್ತ ಅಮೆರಿಕ ಸುತ್ತಿದರು. ನಮ್ಮವರಲ್ಲಿ ಬಹಳ ಜನಕ್ಕೆ ಮೆಕ್‌ಲಾಫ್ಲಿನ್ ಗೊತ್ತಿರುವುದು ‘ಶಕ್ತಿ’ ತಂಡದಿಂದ, ಜಾಕಿರ್ ಹುಸೇನ್ ಮತ್ತು ವಿಕ್ಕು ವಿನಾಯಕರಾಂ ಜೊತೆ ನುಡಿಸಿದ್ದರಿಂದ. ಅದಕ್ಕೂ ಮುಂಚೆ, 1971ರಲ್ಲಿ, ಅವರು ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದ್ದರು. ಜಾಜ್‌ನ ಲೆಕ್ಕಾಚಾರ, ರಾಕ್‌ನ ಅಬ್ಬರ ಎರಡೂ ಒಂದೇ ಗಿಟಾರಿನಲ್ಲಿ! ಆ ಹಳೆಯ ರಚನೆಗಳನ್ನು ಈ ಪ್ರವಾಸದಲ್ಲಿ ಮತ್ತೆ ನುಡಿಸುತ್ತಾರೆ ಎಂದು ಗೊತ್ತಾದಾಗ ನನಗೆ ನಿದ್ದೆಯೇ ಬರಲಿಲ್ಲ. ಮೊದಲು ಹೆರಿಂಗ್ ಅವರ ‘ಇನ್ವಿಸಿಬಲ್ ವಿಪ್’ ತಂಡ, ಆಮೇಲೆ ಮೆಕ್‌ಲಾಫ್ಲಿನ್ ಅವರ ‘ಫೋರ್ತ್ ಡೈಮೆನ್ಷನ್’, ಕೊನೆಗೆ ಎರಡೂ ತಂಡ ಒಂದೇ ವೇದಿಕೆಯಲ್ಲಿ. ಇಬ್ಬರು ಡ್ರಮ್ಮರ್‌ಗಳು, ಅವರಲ್ಲಿ ಒಬ್ಬರು ಮುಂಬೈನ ರಂಜಿತ್ ಬಾರೋಟ್. ಮೆಕ್‌ಲಾಫ್ಲಿನ್‌ಗೆ ಆಗ 75 ವರ್ಷ. ಕೈಗೆ ಸಂಧಿವಾತ ಬೇರೆ. ಅಮೆರಿಕದಲ್ಲಿ ಇದೇ ಕೊನೆಯ ಪ್ರವಾಸ ಎಂದು ಅವರೇ ಹೇಳಿದ್ದರು. ಬಿಡೋದು ಹೇಗೆ?

ಡಿಸೆಂಬರ್ 8ರಂದು ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಕಛೇರಿ ಇತ್ತು. ಥಿಯೇಟರಿನ ಹೆಸರು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಒಂದು ವೆಬ್‌ಸೈಟ್ ಬಂತು. ವಿಳಾಸದಲ್ಲಿ ಥಿಯೇಟರಿನ ಹೆಸರು, ಒಳಗೆ ಥಿಯೇಟರಿನದೇ ಫೋಟೋ. ಅದು ಮರುಮಾರಾಟದ ಸೈಟು ಅನ್ನುವ ಮಾತು ಪುಟದ ತೀರಾ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಇತ್ತು. ಮೇಲುಗಡೆ ಕೆಂಪು ಗಡಿಯಾರ ಓಡುತ್ತಿತ್ತು: ಇಷ್ಟು ನಿಮಿಷದಲ್ಲಿ ದುಡ್ಡು ಕಟ್ಟದಿದ್ದರೆ ಸೀಟು ಹೋಯಿತು ಅಂತ. ಕೊನೆಯ ಪುಟದಲ್ಲಿ ಸೇವಾ ಶುಲ್ಕ ಸೇರಿಕೊಂಡು ಬೆಲೆ ಜಿಗಿಯಿತು. ಟಿಕೆಟ್‌ನಲ್ಲಿ ‘ಬಾಲ್ಕನಿ’ ಅಂತ ಮಾತ್ರ ಇತ್ತು. ಸಾಲು ಇಲ್ಲ, ಸೀಟು ನಂಬರ್ ಇಲ್ಲ. ‘ಕಛೇರಿಗೆ ಮುಂಚೆ ತಿಳಿಸುತ್ತೇವೆ’ ಎಂದಿದ್ದರು.

ಸಾಲು, ಸೀಟು ಯಾಕೆ ಇರಲಿಲ್ಲ ಗೊತ್ತಾ? ಮಾರಿದವನ ಹತ್ತಿರ ಆಗ ಟಿಕೆಟ್ಟೇ ಇರಲಿಲ್ಲ. ಮೊದಲು ನಮ್ಮಿಂದ ದುಡ್ಡು ತಗೊಳ್ಳೋದು, ಆಮೇಲೆ ಎಲ್ಲಾದರೂ ಅಗ್ಗಕ್ಕೆ ಸಿಕ್ಕರೆ ತಂದು ಕೊಡೋದು. ಇದು ಅಲ್ಲಿ ದೊಡ್ಡ ದಂಧೆ. ಸಿಗದಿದ್ದರೆ ಕೊನೇ ಗಳಿಗೆಯಲ್ಲಿ ಕೈ ಎತ್ತುತ್ತಾರೆ, ಇಲ್ಲವೇ ಏನೋ ಒಂದು ಬಾರ್‌ಕೋಡ್ ಕಳಿಸುತ್ತಾರೆ.

ನನಗೆ ಬಂದದ್ದು ಆ ಬಾರ್‌ಕೋಡ್. ಬಾಗಿಲಲ್ಲಿದ್ದ ಹುಡುಗಿ ಸ್ಕ್ಯಾನ್ ಮಾಡಿದಳು, ಕೆಂಪು ದೀಪ. ನನ್ನ ಫೋನಿನ ಬೆಳಕು ಜಾಸ್ತಿ ಮಾಡಿ ಮತ್ತೆ ಹಿಡಿದಳು, ಮತ್ತೆ ಕೆಂಪು. ‘ಈ ಟಿಕೆಟ್‌ನಲ್ಲಿ ಆಗಲೇ ಯಾರೋ ಒಳಗೆ ಹೋಗಿದ್ದಾರೆ’ ಅಂದಳು. ಒಂದೇ ಬಾರ್‌ಕೋಡನ್ನು ಎಷ್ಟು ಜನಕ್ಕೆ ಮಾರಿದ್ದರೋ! ಆ ಹುಡುಗಿಯದು ತಪ್ಪೇನಿಲ್ಲ, ಪಾಪ. ಪ್ರತಿ ಸಲ ಬಾಗಿಲು ತೆಗೆದಾಗ ಒಳಗಿನಿಂದ ಹೆರಿಂಗ್ ಅವರ ಗಿಟಾರ್ ಕೇಳುತ್ತಿತ್ತು. ಸಹಾಯವಾಣಿಗೆ ಫೋನ್ ಮಾಡಿದರೆ ಬರೀ ಕಾಯಿರಿ ಅನ್ನುವ ರೆಕಾರ್ಡಿಂಗ್. ನನ್ನ ಪಕ್ಕ ನಿಂತಿದ್ದ ವಯಸ್ಸಾದ ದಂಪತಿಗೂ ಇದೇ ಕಥೆ. ಮಹಾವಿಷ್ಣು ಆರ್ಕೆಸ್ಟ್ರಾವನ್ನು ಎಪ್ಪತ್ತರ ದಶಕದಲ್ಲಿ ಕೇಳಿದ್ದರಂತೆ, ಇನ್ನೊಂದು ಸಲ ಕೇಳಬೇಕೆಂದು ಬಂದಿದ್ದರು. ನನ್ನ ದುಡ್ಡು ಹೋದದ್ದಕ್ಕಿಂತ ಅವರ ಮುಖ ನೋಡಿ ಹೊಟ್ಟೆ ಉರಿಯಿತು.

ಆ ರಾತ್ರಿಯ ಕಛೇರಿ 2018ರಲ್ಲಿ ಆಲ್ಬಮ್ ಆಗಿ ಬಂತು. ಕೇಳಿದ್ದೇನೆ, ಅದ್ಭುತವಾಗಿದೆ. ಅಲ್ಲಿ ಕೂತು ಕೇಳೋದೇ ಬೇರೆ, ಅಲ್ವಾ?

ಟಿಕೆಟ್ ಬೇಕಾದರೆ ಕಲಾವಿದರ ಸ್ವಂತ ವೆಬ್‌ಸೈಟಿನಿಂದ ಶುರು ಮಾಡಿ, ಅಲ್ಲಿರುವ ಕೊಂಡಿಯನ್ನೇ ಒತ್ತಿ. ಹುಡುಕಾಟದಲ್ಲಿ ಮೇಲೆ ಬರುವುದು ಎಷ್ಟೋ ಸಲ ದುಡ್ಡು ಕೊಟ್ಟು ಹಾಕಿದ ಜಾಹೀರಾತು. ಪೂರ್ತಿ ಮಾರಾಟವಾಗಿದೆ ಅಂದರೂ ಥಿಯೇಟರಿನ ಕೌಂಟರಿಗೆ ಒಂದು ಫೋನ್ ಮಾಡಿ, ಕಾದಿರಿಸಿದ ಸೀಟುಗಳನ್ನು ಕೊನೆಗೆ ಬಿಡುವುದುಂಟು. 2025ರ ಮೇ 12ರಿಂದ ಶುಲ್ಕ ಸೇರಿಸಿ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕು ಎಂಬ ನಿಯಮ ಅಲ್ಲಿ ಬಂದಿದೆ. ಒಳ್ಳೆಯದೇ. ಆದರೆ ಮಾರುವವನ ಹತ್ತಿರ ಟಿಕೆಟ್ ಇದೆಯೋ ಇಲ್ಲವೋ ಅದರಿಂದ ಗೊತ್ತಾಗಲ್ಲ. ಸಾಲು, ಸೀಟು ನಂಬರ್ ಕೇಳಿ. ಕೊಡದಿದ್ದರೆ ಆ ಪುಟ ಮುಚ್ಚಿಬಿಡಿ.

ದುಡ್ಡು ಕಟ್ಟುವುದಿದ್ದರೆ ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. ನಾನು ಹಾಗೆ ಕಟ್ಟಿದ್ದರಿಂದ ಬ್ಯಾಂಕಿಗೆ ತಕರಾರು ಬರೆದು, ಬಹಳ ಅಲೆದಾಟದ ನಂತರ ದುಡ್ಡು ವಾಪಸ್ ಪಡೆದೆ. ಆ ದಂಪತಿ ಯಾವನಿಗೋ ಫೋನ್ ಆಪ್‌ನಲ್ಲಿ ನೇರವಾಗಿ ಕಳಿಸಿದ್ದರು. ಹಾಗೆ ಕಳಿಸಿದ್ದು ವಾಪಸ್ ಸಿಗೋದು ತುಂಬಾ ಕಷ್ಟ. ಕಾರ್ಡಿನ ಬಿಲ್ ಕಳಿಸಿದ 60 ದಿನದೊಳಗೆ ತಕರಾರು ಬರಹದಲ್ಲೇ ತಲುಪಬೇಕು, ಬರೀ ಫೋನ್ ಸಾಲದು. ಬಾಗಿಲಲ್ಲಿ ತಡೆದ ಕೂಡಲೇ ಕೌಂಟರಿಗೆ ಹೋಗಿ ‘ಪ್ರವೇಶ ಸಿಗಲಿಲ್ಲ’ ಎಂದು ಬರೆಸಿಕೊಳ್ಳಿ. ಬ್ಯಾಂಕಿನವರು ನನ್ನನ್ನು ಮೊದಲು ಕೇಳಿದ್ದೇ ಆ ಚೀಟಿ.